ಬ್ರೇಕ್ ಒತ್ತುವ ಗಾಳಿ

ಅಂಕೋಲಾ ಮತ್ತು ಯಲ್ಲಾಪುರದ ನಡುವೆ ಅರಬೈಲ್ ಘಾಟಿ ಇದೆ. ಅಲ್ಲಿ ಕಾರು ಇಳಿಸುವ ಹೊಸಬರಿಗೆ ಅನುಭವಿಗಳು ತಪ್ಪದೆ ಹೇಳುವ ಮಾತೊಂದಿದೆ: ಪೆಟ್ರೋಲ್ ಉಳಿಸಲು ಹೋಗಿ ನ್ಯೂಟ್ರಲ್ ಮಾಡಿ ಇಂಜಿನ್ ಬಂದ್ ಮಾಡಬೇಡ, ಬ್ರೇಕ್ ಹಿಡಿಯುವುದಿಲ್ಲ. ಕಾರವಾರದ ಬಿಣಗಾ ಇಳಿಜಾರಿನಿಂದ ಹಿಡಿದು ಘಟ್ಟದ ತುದಿಯವರೆಗೆ ಈ ಮಾತು ಎಲ್ಲರಿಗೂ ಗೊತ್ತು. ಅದರ ಕಾರಣ ಮಾತ್ರ ಹೆಚ್ಚಿನವರಿಗೆ ಅರ್ಧವಷ್ಟೇ ಗೊತ್ತು.

ಒಗಟು ಇರುವುದು ಇಲ್ಲಿ. ಪೆಡಲ್ಲಿಗೂ ಗಾಲಿಗೂ ನಡುವೆ ಇರುವುದು ಬ್ರೇಕ್ ಆಯಿಲ್ ತುಂಬಿದ ಸಣ್ಣ ಕೊಳವೆ. ಆ ಆಯಿಲನ್ನು ಒತ್ತುವುದು ನಮ್ಮ ಕಾಲು. ಇದರಲ್ಲಿ ಇಂಜಿನ್ನಿಗೆ ಪಾತ್ರವೇ ಇದ್ದಂತೆ ಕಾಣುವುದಿಲ್ಲ. ಹಾಗಿರುವಾಗ ಇಂಜಿನ್ ನಿಂತರೆ ಬ್ರೇಕ್ ಪೆಡಲ್ ಯಾಕೆ ಕಲ್ಲಾಗಬೇಕು?

ಇದನ್ನು ನೋಡಲು ಘಾಟಿಗೆ ಹೋಗಬೇಕಿಲ್ಲ. ಹಬ್ಬುವಾಡದ ಯಾವುದೇ ಮನೆಯಂಗಳದಲ್ಲಿ ನಿಂತ ಪವರ್ ಬ್ರೇಕ್ ಕಾರು ಸಾಕು. ಇಂಜಿನ್ ಬಂದ್ ಇರುವಾಗ ಪೆಡಲನ್ನು ಒಂದರ ಹಿಂದೊಂದರಂತೆ ಒತ್ತುತ್ತ ಹೋಗಿ. ಮೊದಲ ಸಲ ಸಲೀಸಾಗಿ ಒಳಗೆ ಹೋದ ಪೆಡಲ್ ಎರಡನೇ ಸಲಕ್ಕೆ ಬಿಗಿಯಾಗುತ್ತದೆ. ಮೂರು ನಾಲ್ಕನೇ ಸಲಕ್ಕೆ ಮೇಲೆಯೇ ನಿಂತುಬಿಡುತ್ತದೆ. ಏನೋ ಒಂದು ಒಳಗೆ ಕೂಡಿಟ್ಟದ್ದು ಇತ್ತು, ಖರ್ಚಾಯಿತು. ಆ ‘ಏನೋ’ ಯಾವುದೆಂದು ತಿಳಿದುಕೊಂಡರೆ ಹಳೆಯ ಕಾರಿನ ಪವರ್ ಬ್ರೇಕಿನಲ್ಲಿ ದೋಷ ಎಲ್ಲಿದೆ ಎಂಬುದನ್ನು ಕಾಲಿನಿಂದ ಮತ್ತು ಕಿವಿಯಿಂದಲೇ ಬಹುಮಟ್ಟಿಗೆ ಪತ್ತೆ ಹಚ್ಚಬಹುದು.

ಎಳೆಯುವುದಲ್ಲ, ತಳ್ಳುವುದು

ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುವಾಗ ನೀರನ್ನು ನಾವೇ ಎಳೆದುಕೊಳ್ಳುತ್ತಿದ್ದೇವೆ ಅನಿಸುತ್ತದೆ. ನಿಜವಾಗಿ ಬಾಯಿ ಮಾಡುವ ಕೆಲಸ ಸ್ಟ್ರಾದೊಳಗಿನ ಗಾಳಿಯನ್ನು ಕಡಿಮೆ ಮಾಡುವುದಷ್ಟೇ. ಎಳನೀರಿನ ಮೇಲೆ ಕೂತ ಹೊರಗಿನ ಗಾಳಿ ನೀರನ್ನು ಸ್ಟ್ರಾದೊಳಕ್ಕೆ ತಳ್ಳುತ್ತದೆ. ಸ್ಟ್ರಾ ನಡುವೆ ಸೀಳಿದ್ದರೆ ಎಷ್ಟು ಹೀರಿದರೂ ನೀರು ಮೇಲೆ ಬರುವುದಿಲ್ಲ, ಸೀಳಿನಿಂದ ಗಾಳಿ ನುಗ್ಗಿಬಿಡುತ್ತದೆ. ಸ್ಟ್ರಾದಲ್ಲಿ ನೀರು ತುಂಬಿರುವಾಗ ಮೇಲ್ತುದಿಗೆ ಬೆರಳು ಒತ್ತಿ ಎತ್ತಿದರೆ ನೀರು ಕೆಳಗೆ ಬೀಳದೆ ನಿಲ್ಲುತ್ತದೆ. ಪವರ್ ಬ್ರೇಕಿನ ಎಲ್ಲ ಗುಟ್ಟುಗಳೂ ಈ ಸ್ಟ್ರಾದಲ್ಲೇ ಇವೆ.

ನಮ್ಮ ಮೇಲಿರುವ ಗಾಳಿಗೆ ಸಣ್ಣಪುಟ್ಟದಲ್ಲದ ತೂಕವಿದೆ. 1643ರಲ್ಲಿ ಇಟಲಿಯ ಟಾರಿಚೆಲ್ಲಿ ಕಂಡುಕೊಂಡಂತೆ ಅದು ನಳಿಗೆಯಲ್ಲಿ 76 ಸೆಂಟಿಮೀಟರ್ ಪಾದರಸವನ್ನು ಎತ್ತಿ ಹಿಡಿಯಬಲ್ಲದು. ಮುಂದಿನ ದಶಕದಲ್ಲಿ ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್ ಓಟ್ಟೊ ಫಾನ್ ಗೆರಿಕೆ ಎರಡು ಲೋಹದ ಅರೆಗೋಲಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆಯಿಂದ ಕುದುರೆಗಳಿಂದ ಎಳೆಸಿದ. ಅರೆಗೋಲಗಳು ಬಿಡಲಿಲ್ಲ. ಅವುಗಳನ್ನು ಹಿಡಿದಿಟ್ಟಿದ್ದು ಅಂಟಲ್ಲ, ಹೊರಗಿನ ಗಾಳಿಯ ಒತ್ತಡ.

ಕಾರವಾರದಂಥ ಕಡಲ ಮಟ್ಟದ ಊರಿನಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಗಾಳಿ ಸುಮಾರು ಒಂದು ಕಿಲೋ ಭಾರ ಹೇರುತ್ತದೆ. ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಒಂದು ಬದಿಯ ಗಾಳಿಯನ್ನು ಕಡಿಮೆ ಮಾಡಿದ ಗಳಿಗೆಯಲ್ಲಿ ಮಾತ್ರ ಇನ್ನೊಂದು ಬದಿಯ ಬಲ ಎದ್ದು ಕಾಣುತ್ತದೆ. ಗ್ಯಾರೇಜಿನವರು ವ್ಯಾಕ್ಯೂಮ್ ಎನ್ನುವ, ಹೊರಗಿಗಿಂತ ಒಳಗೆ ಗಾಳಿ ಕಡಿಮೆ ಇರುವ ಈ ಸ್ಥಿತಿಯನ್ನು ಇಲ್ಲಿ ‘ಗಾಳಿಬರ’ ಎಂದು ಕರೆಯೋಣ.

ಡಬ್ಬಿಯೊಳಗಿನ ಎರಡು ಕೋಣೆ

ಪೆಟ್ರೋಲ್ ಇಂಜಿನ್ ಓಡುವಾಗ ಪಿಸ್ಟನ್‌ಗಳು ಗಾಳಿಯನ್ನು ಹೀರುತ್ತಲೇ ಇರುತ್ತವೆ. ನಾವು ಆಕ್ಸಲರೇಟರಿನಿಂದ ಕಾಲು ತೆಗೆದಾಗ ಕಾರ್ಬುರೇಟರಿನ ಗಾಳಿಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ. ಬಾಗಿಲು ಮುಚ್ಚಿದೆ, ಒಳಗಿನವರು ಹೀರುತ್ತಲೇ ಇದ್ದಾರೆ. ಹಾಗಾಗಿ ಬಾಗಿಲಿಗೂ ಪಿಸ್ಟನ್‌ಗೂ ನಡುವಿನ ಮ್ಯಾನಿಫೋಲ್ಡಿನಲ್ಲಿ ಗಾಳಿಬರ ಉಂಟಾಗುತ್ತದೆ. ಎಳನೀರು ಕುಡಿಯುವ ಬಾಯಿಯ ಕೆಲಸವನ್ನು ಕಾರಿನಲ್ಲಿ ಮಾಡುವುದು ಇದೇ. ಇಂಜಿನ್ನಿಗೆ ಇದು ಬೇಡದ ಉಪಫಲ. ಆ ಉಪಫಲವನ್ನೇ ಬ್ರೇಕಿಗೆ ದುಡಿಸಿಕೊಳ್ಳುವ ಜಾಣ್ಮೆ ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ಡೆವಾಂಡ್ರನದು. ಅವನ ವಿನ್ಯಾಸವನ್ನು 1927ರಲ್ಲಿ ಬಾಷ್ ಕಂಪನಿ ಮಾರುಕಟ್ಟೆಗೆ ತಂದಿತು.

ಬಾನೆಟ್ ಎತ್ತಿದರೆ ಚಾಲಕನ ಕಾಲಿನ ನೇರಕ್ಕೆ ಕಪ್ಪು ಬಣ್ಣದ ದುಂಡನೆಯ ತಗಡಿನ ಡಬ್ಬಿ ಕಾಣುತ್ತದೆ. ಅದೇ ಬೂಸ್ಟರ್. ಅದರ ಮೂತಿಗೆ, ಬ್ರೇಕ್ ಆಯಿಲನ್ನು ಕೊಳವೆಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಅಂಟಿಕೊಂಡಿರುತ್ತದೆ. ಇಂಜಿನ್ ಮ್ಯಾನಿಫೋಲ್ಡಿನಿಂದ ಒಂದು ದಪ್ಪ ರಬ್ಬರ್ ಪೈಪು ಬಂದು ಡಬ್ಬಿಗೆ ಸೇರುತ್ತದೆ. ಸೇರುವ ಜಾಗದಲ್ಲಿ ಪುಟ್ಟದೊಂದು ಒಮ್ಮುಖ ವಾಲ್ವ್ ಇದೆ. ಗ್ಯಾರೇಜಿನಲ್ಲಿ ಅದನ್ನು ನಾನ್ ರಿಟರ್ನ್ ವಾಲ್ವ್ ಎನ್ನುತ್ತಾರೆ. ಡಬ್ಬಿಯಿಂದ ಇಂಜಿನ್ನಿನತ್ತ ಗಾಳಿ ಹೋಗಲು ಅದು ಬಿಡುತ್ತದೆ, ಮರಳಿ ಬರಲು ಬಿಡುವುದಿಲ್ಲ. ಸ್ಟ್ರಾದ ತುದಿಗೆ ಒತ್ತಿದ ಬೆರಳಿನ ಕೆಲಸ ಅದರದು.

ಡಬ್ಬಿಯನ್ನು ಒಂದು ರಬ್ಬರ್ ಪರದೆ ಮುಂದಿನ ಕೋಣೆ, ಹಿಂದಿನ ಕೋಣೆ ಎಂದು ಎರಡಾಗಿ ಭಾಗ ಮಾಡಿದೆ. ಕಾಲು ಇಡದಿರುವಾಗ ಎರಡೂ ಕೋಣೆಗಳ ನಡುವಿನ ದಾರಿ ತೆರೆದಿರುತ್ತದೆ. ಇಂಜಿನ್ ಎರಡನ್ನೂ ಹೀರಿ ಗಾಳಿಬರ ತುಂಬಿಸಿರುತ್ತದೆ. ಎರಡೂ ಕಡೆ ಸಮ ಇರುವುದರಿಂದ ಪರದೆ ಅಲುಗುವುದಿಲ್ಲ.

ಪೆಡಲ್ ಒತ್ತಿದಾಗ ಅದರಿಂದ ಡಬ್ಬಿಗೆ ಬರುವ ಕಡ್ಡಿಯ ತುದಿಯ ಕವಾಟ ಒಂದರ ಹಿಂದೆ ಒಂದರಂತೆ ಎರಡು ಕೆಲಸ ಮಾಡುತ್ತದೆ. ಮೊದಲು ಕೋಣೆಗಳ ನಡುವಿನ ದಾರಿಯನ್ನು ಮುಚ್ಚುತ್ತದೆ, ಅನಂತರ ಹಿಂದಿನ ಕೋಣೆಗೆ ಹೊರಗಿನ ಗಾಳಿಯನ್ನು ಬಿಡುತ್ತದೆ. ಈಗ ಪರದೆಯ ಹಿಂದೆ ಹೊರಗಿನ ಗಾಳಿ, ಮುಂದೆ ಗಾಳಿಬರ. ಪರದೆ ಮುಂದಕ್ಕೆ ನುಗ್ಗಿ ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ತಳ್ಳುತ್ತದೆ. ಎಷ್ಟು ಬಲದಿಂದ? ಪರದೆಯ ಅಡ್ಡಳತೆ 20 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ವಿಸ್ತಾರ ಸುಮಾರು 314 ಚದರ ಸೆಂಟಿಮೀಟರ್. ಇಂಜಿನ್ ಹೊರಗಿನ ಒತ್ತಡದ ಮೂರರಲ್ಲಿ ಎರಡು ಪಾಲಿನಷ್ಟು ಗಾಳಿಬರ ಮಾಡಿದರೂ ಪರದೆಯ ಮೇಲೆ 200 ಕಿಲೋ ಆಸುಪಾಸಿನ ಭಾರ ಬೀಳುತ್ತದೆ. ಕಾಲು ಕೊಟ್ಟದ್ದು ಅಪ್ಪಣೆ, ದುಡಿದದ್ದು ಗಾಳಿ.

ಇನ್ನೂ ಒಂದು ಸೂಕ್ಷ್ಮವಿದೆ. ಬ್ರೇಕ್ ಎಷ್ಟು ಬೇಕೋ ಅಷ್ಟೇ ಹಿಡಿಯಬೇಕು. ಅದಕ್ಕಾಗಿ ಕಡ್ಡಿಯ ನಡುವೆ ಪುಟ್ಟ ರಬ್ಬರ್ ಬಿಲ್ಲೆ ಇರುತ್ತದೆ. ಗಾಳಿ ಹೆಚ್ಚು ತಳ್ಳಿದಂತೆ ಬಿಲ್ಲೆ ಹಿಸುಕಿಕೊಂಡು ಪೆಡಲಿನತ್ತ ಉಬ್ಬುತ್ತದೆ, ಕವಾಟವನ್ನು ಮತ್ತೆ ಮುಚ್ಚುತ್ತದೆ. ಕಾಲಿಗೆ ಬ್ರೇಕಿನ ‘ಹದ’ ತಿಳಿಯುವುದು ಈ ಬಿಲ್ಲೆಯಿಂದ.

ಗಾಳಿಬರ ಪೂರ್ತಿ ಮುಗಿದುಹೋದರೂ ಕಾಲಿನಿಂದ ಮಾಸ್ಟರ್ ಸಿಲಿಂಡರಿನವರೆಗೆ ಕಬ್ಬಿಣದ ಕಡ್ಡಿಯ ಸಂಪರ್ಕ ಉಳಿದೇ ಇರುತ್ತದೆ. ಬೂಸ್ಟರ್ ಸತ್ತರೂ ಬ್ರೇಕ್ ಸಾಯುವುದಿಲ್ಲ. ಆದರೆ ಗಾಳಿ ಹೊರುತ್ತಿದ್ದ ಭಾರವನ್ನೂ ಕಾಲೇ ಹೊರಬೇಕಾಗುತ್ತದೆ. ಪೆಡಲ್ ಕಲ್ಲಾಯಿತು ಎನ್ನುವುದು ಇದನ್ನೇ.

ಘಾಟಿಯಲ್ಲಿ ಗೇರಿನ ಕೆಲಸ

ಈಗ ಅರಬೈಲಿನ ಬುದ್ಧಿಮಾತಿಗೆ ಕಾರಣ ಸಿಕ್ಕಿತು. ನ್ಯೂಟ್ರಲ್ ಮಾಡಿ ಇಂಜಿನ್ ಬಂದ್ ಮಾಡಿದರೆ ಹೀರುವ ಬಾಯಿ ನಿಂತಿತು. ಒಮ್ಮುಖ ವಾಲ್ವ್ ಕೂಡಿಟ್ಟ ಗಾಳಿಬರ ಎರಡು ಮೂರು ಒತ್ತಿಗೆ ಸಾಕಾಗುತ್ತದೆ. ಘಾಟಿಯ ತಿರುವುಗಳು ಅದಕ್ಕಿಂತ ಬಹಳ ಹೆಚ್ಚು.

ಅದೇ ಇಳಿಜಾರಿನಲ್ಲಿ ಇಂಜಿನ್ ಚಾಲೂ ಇಟ್ಟು ಎರಡನೇ ಗೇರಿನಲ್ಲಿ ಇಳಿಯಿರಿ. ಆಕ್ಸಲರೇಟರ್ ಬಿಟ್ಟಿರುವುದರಿಂದ ಗಾಳಿಬಾಗಿಲು ಮುಚ್ಚಿದೆ. ಗಾಲಿಗಳು ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಿವೆ. ಗಾಳಿಬರ ಅತಿ ಹೆಚ್ಚಾಗಿರುವ ಸ್ಥಿತಿ ಇದೇ. ಗೇರ್ ಒಂದು ಕಡೆ ಕಾರನ್ನು ತಡೆದು ಬ್ರೇಕಿನ ಹೊರೆ ಇಳಿಸುತ್ತದೆ, ಇನ್ನೊಂದು ಕಡೆ ಬ್ರೇಕಿಗೆ ಬೇಕಾದ ಬಲವನ್ನು ತುಂಬುತ್ತದೆ. ಕಡಲ ಮಟ್ಟಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದ ಯಲ್ಲಾಪುರದಲ್ಲಿ ಗಾಳಿಯ ಒತ್ತಡವೇ ಕಾರವಾರಕ್ಕಿಂತ ನೂರಕ್ಕೆ ಐದಾರು ಪಾಲು ಕಡಿಮೆ. ಬೂಸ್ಟರಿನ ಬಲವೂ ಅಲ್ಲಿ ಅಷ್ಟು ತಗ್ಗುತ್ತದೆ. ಸರಿಯಾದ ಬೂಸ್ಟರಿನಲ್ಲಿ ಇದು ಗೊತ್ತಾಗುವುದಿಲ್ಲ, ಸೋರುವ ಬೂಸ್ಟರಿನಲ್ಲಿ ಗೊತ್ತಾಗುತ್ತದೆ.

ಡೀಸೆಲ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಈ ಗಾಳಿಬಾಗಿಲು ಇರುವುದಿಲ್ಲ. ಅದಕ್ಕೇ ಅವುಗಳಿಗೆ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗಿರುತ್ತದೆ. ಘಾಟಿಯಲ್ಲಿ ‘ಟುಸ್’ ಎನ್ನುತ್ತ ಇಳಿಯುವ ದೊಡ್ಡ ಲಾರಿಗಳದು ಬೇರೆಯೇ ವ್ಯವಸ್ಥೆ. ಅಲ್ಲಿ ಗಾಳಿಯನ್ನು ತೆಗೆಯುವುದಿಲ್ಲ, ಕಂಪ್ರೆಸರಿನಿಂದ ಒತ್ತಿ ತುಂಬುತ್ತಾರೆ.

ಗಟ್ಟಿ ಪೆಡಲ್, ಮೆತ್ತನೆ ಪೆಡಲ್

ದೋಷ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪೆಡಲ್ ಗಟ್ಟಿಯಾಗಿದೆಯೋ, ಮೆತ್ತಗಾಗಿದೆಯೋ? ಇವೆರಡೂ ಬೇರೆ ಬೇರೆ ಕಾಯಿಲೆ.

ಗಟ್ಟಿಯಾಗಿ ಮೇಲೆಯೇ ನಿಂತು ಕಾರು ನಿಧಾನವಾಗದಿದ್ದರೆ ಮೊದಲು ಗಾಳಿಯ ದಾರಿಯನ್ನು ನೋಡಬೇಕು. ಮೆತ್ತಗೆ ಒಳಗೆ ಇಳಿಯುತ್ತ ಹೋದರೆ, ಅಥವಾ ಪಂಪ್ ಮಾಡಿದರೆ ಮಾತ್ರ ಹಿಡಿದರೆ, ಆಯಿಲಿನ ದಾರಿಯನ್ನು ನೋಡಬೇಕು. ಕೊಳವೆಯಲ್ಲಿ ಗಾಳಿ ಸೇರಿರಬಹುದು, ಆಯಿಲ್ ಸೋರುತ್ತಿರಬಹುದು, ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿರಬಹುದು. ಮೆತ್ತನೆ ಪೆಡಲಿಗೆ ಹೊಸ ಬೂಸ್ಟರ್ ಹಾಕಿಸಿದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ. ಗಟ್ಟಿ ಪೆಡಲಿಗೆ ಮತ್ತೆ ಮತ್ತೆ ಬ್ಲೀಡಿಂಗ್ (ಆಯಿಲ್ ಕೊಳವೆಯ ಗಾಳಿ ತೆಗೆಯುವುದು) ಮಾಡಿಸಿದರೂ ಅಷ್ಟೇ.

ಕಾಲಿನಿಂದ ಮೂರು ಪರೀಕ್ಷೆ

ಪಾನಾ ಹಿಡಿಯುವ ಮೊದಲು ಮೂರು ಪರೀಕ್ಷೆ ಮಾಡಿ. ಕಾರು ಸಮತಟ್ಟು ನೆಲದಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಗಾಲಿಗೆ ಕಲ್ಲು ಕೊಟ್ಟಿರಲಿ.

ಮೊದಲನೆಯದು: ಇಂಜಿನ್ ಬಂದ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಕೂಡಿಟ್ಟ ಗಾಳಿಬರವನ್ನು ಖಾಲಿ ಮಾಡಿ. ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟೇ ಇಂಜಿನ್ ಚಾಲೂ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಜಾರಬೇಕು. ಜಾರಿದರೆ ಬೂಸ್ಟರಿಗೆ ಗಾಳಿಬರ ತಲುಪುತ್ತಿದೆ, ಪರದೆ ದುಡಿಯುತ್ತಿದೆ. ಜಾರದಿದ್ದರೆ ಎರಡರಲ್ಲೊಂದು ಇಲ್ಲ.

ಎರಡನೆಯದು: ಇಂಜಿನ್ ಒಂದೆರಡು ನಿಮಿಷ ಓಡಲಿ. ಬಂದ್ ಮಾಡಿ, ಕೆಲವು ನಿಮಿಷ ಕಾದು ಪೆಡಲ್ ಒತ್ತಿ. ಮೊದಲ ಒತ್ತು ಸಲೀಸಾಗಿ, ಮುಂದಿನವು ಬಿಗಿಯಾಗಿ ಬರಬೇಕು. ಮೊದಲ ಒತ್ತೇ ಗಟ್ಟಿಯಾಗಿದ್ದರೆ ಡಬ್ಬಿ ಗಾಳಿಬರವನ್ನು ಹಿಡಿದಿಟ್ಟುಕೊಂಡಿಲ್ಲ. ಒಮ್ಮುಖ ವಾಲ್ವ್, ಅದರ ರಬ್ಬರ್ ಬುಷ್, ಇಲ್ಲವೇ ಡಬ್ಬಿಯೇ ಸೋರುತ್ತಿದೆ.

ಮೂರನೆಯದು: ಇಂಜಿನ್ ಓಡುವಾಗ ಪೆಡಲ್ ಒತ್ತಿ ಹಿಡಿಯಿರಿ. ಕಾಲು ತೆಗೆಯದೆ ಇಂಜಿನ್ ಬಂದ್ ಮಾಡಿ ಅರ್ಧ ನಿಮಿಷ ಕಾಯಿರಿ. ಪೆಡಲ್ ಇದ್ದಲ್ಲೇ ಇರಬೇಕು. ಕಾಲನ್ನು ಮೇಲಕ್ಕೆ ದೂಡಿಕೊಂಡು ಬಂದರೆ, ಭಾರ ಬಿದ್ದಾಗ ಮಾತ್ರ ಸೋರುವ ಬಿರುಕು ಡಬ್ಬಿಯೊಳಗಿದೆ.

ಇವುಗಳ ಜೊತೆಗೆ ಕಿವಿಯೂ ಬೇಕು. ಪೆಡಲ್ ಒತ್ತಿದಾಗ ಒಮ್ಮೆ ‘ಸ್ಸ್’ ಎಂದು ಗಾಳಿ ಒಳಗೆ ಹೋಗುವ ಸದ್ದು ಸಹಜ. ಕಾಲು ಅಲುಗಿಸದೆ ಹಿಡಿದಿದ್ದಾಗಲೂ ಸದ್ದು ನಿಲ್ಲದಿದ್ದರೆ ಪರದೆ ಹರಿದಿರಬಹುದು. ಕಾಲನ್ನೇ ಇಡದಿರುವಾಗ ಸದ್ದಿದ್ದರೆ ಕವಾಟ ಮುಚ್ಚುತ್ತಿಲ್ಲ ಎಂಬ ಅನುಮಾನ ಬರಬೇಕು. ಬ್ರೇಕ್ ಒತ್ತಿದಾಗ ಇಂಜಿನ್ ನಡುಗಿ ಐಡ್ಲಿಂಗ್ ಏರುಪೇರಾದರೂ ಕಾರಣ ಇಂಥ ಸೋರಿಕೆಯೇ. ಬೂಸ್ಟರಿನ ತೂತಿನಿಂದ ನುಗ್ಗಿದ ಗಾಳಿ ಇಂಜಿನ್ನಿಗೆ ಹೋಗಿ ಪೆಟ್ರೋಲಿನ ಹದ ಕೆಡಿಸುತ್ತದೆ. ಎಷ್ಟೋ ಸಲ ಕಾರ್ಬುರೇಟರ್ ಬಿಚ್ಚಿ ತೊಳೆದರೂ ಸರಿಯಾಗದ ಐಡ್ಲಿಂಗಿನ ದೋಷ ಬ್ರೇಕಿನಲ್ಲಿರುತ್ತದೆ.

ಬಾಯಿ, ಸ್ಟ್ರಾ, ಡಬ್ಬಿ

ಪರೀಕ್ಷೆಯಲ್ಲಿ ಸೋತರೆ ಇಂಜಿನ್ನಿನ ಕಡೆಯಿಂದ ಹುಡುಕುತ್ತ ಬರಬೇಕು, ಡಬ್ಬಿಯಿಂದ ಹಿಂದಕ್ಕಲ್ಲ. ಅಗ್ಗದ ಭಾಗಗಳು ಮೊದಲು ಸಿಗುವುದು ಆ ದಾರಿಯಲ್ಲೇ.

ಬೂಸ್ಟರಿನ ಹತ್ತಿರ ಪೈಪನ್ನು ಕಳಚಿ, ಐಡ್ಲಿಂಗಿನಲ್ಲಿ ಅದರ ಬಾಯಿಗೆ ಹೆಬ್ಬೆರಳು ಒತ್ತಿ. ಪೈಪು ಬೆರಳನ್ನು ಬಲವಾಗಿ ಹಿಡಿದೆಳೆಯಬೇಕು. ವ್ಯಾಕ್ಯೂಮ್ ಗೇಜ್ ಇದ್ದರೆ ಆರೋಗ್ಯವಂತ ಪೆಟ್ರೋಲ್ ಇಂಜಿನ್ ಪಾದರಸದ ಲೆಕ್ಕದಲ್ಲಿ ಸುಮಾರು 45ರಿಂದ 55 ಸೆಂಟಿಮೀಟರ್ ಸ್ಥಿರವಾಗಿ ತೋರಿಸುತ್ತದೆ. ಕಡಿಮೆಯಿದ್ದರೆ, ಮುಳ್ಳು ನಡುಗುತ್ತಿದ್ದರೆ, ತಪ್ಪು ಬೂಸ್ಟರಿನದಲ್ಲ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಸವೆದ ಇಂಜಿನ್ ವಾಲ್ವುಗಳು, ಟೈಮಿಂಗ್ ಇವನ್ನು ನೋಡಬೇಕು. ಇಲ್ಲಿ ಬಾಯಿಗೇ ಹೀರುವ ಶಕ್ತಿ ಇಲ್ಲ.

ಇಂಜಿನ್ ಸರಿಯಿದ್ದು ಪೈಪಿನ ತುದಿಯಲ್ಲಿ ಬಲವಿಲ್ಲದಿದ್ದರೆ ಸ್ಟ್ರಾ ಸೀಳಿದೆ. ಬಾಗಿದ ಜಾಗದಲ್ಲಿ, ಕ್ಲಿಪ್ ಕೆಳಗೆ ಬಿರುಕು ಹುಡುಕಿ. ಬಿರುಕಿಲ್ಲದೆಯೂ ಪೈಪು ಕೈಕೊಡಬಹುದು. ಪೆಟ್ರೋಲಿನದೋ ನೀರಿನದೋ ಸಾದಾ ಪೈಪನ್ನು ಹಾಕಿದ್ದರೆ ಇಂಜಿನ್ ಬಿಸಿಯಾದಾಗ ಅದು ಮೆತ್ತಗಾಗಿ, ಹೊರಗಿನ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಹತ್ತು ಕಿಲೋಮೀಟರ್ ಓಡಿದ ಮೇಲೆ ಕಲ್ಲಾಗುವ ಪೆಡಲಿಗೆ ಇದೊಂದು ಕಾರಣ. ಬ್ರೇಕಿನ ವ್ಯಾಕ್ಯೂಮಿಗೆಂದೇ ಮಾಡಿದ, ಒಳಗೆ ನೂಲಿನ ಬಲವಿರುವ ದಪ್ಪ ಪೈಪನ್ನೇ ಹಾಕಬೇಕು.

ಮುಂದಿನದು ಒಮ್ಮುಖ ವಾಲ್ವ್. ಬಿಚ್ಚಿ ಊದಿದರೆ ಒಂದು ಕಡೆಯಿಂದ ಮಾತ್ರ ಉಸಿರು ಹೋಗಬೇಕು. ಎರಡೂ ಕಡೆಯಿಂದ ಹೋದರೆ, ಎರಡೂ ಕಡೆಯಿಂದ ಹೋಗದಿದ್ದರೆ ಬದಲಿಸಿ. ಅದು ಕೂರುವ ರಬ್ಬರ್ ಬುಷ್ ವಯಸ್ಸಾಗಿ ಒಣಗಿ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ಇಷ್ಟೆಲ್ಲ ಸರಿಯಿದ್ದೂ ಪರೀಕ್ಷೆಯಲ್ಲಿ ಸೋತರೆ ಆಗ ಡಬ್ಬಿ ಕೆಟ್ಟಿದೆ ಎನ್ನಬಹುದು. ಅದನ್ನು ಮನೆಯಲ್ಲಿ ಬಿಚ್ಚಬಾರದು. ಒಳಗೆ ಬಲವಾದ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಎರಡು ತಗಡುಗಳನ್ನು ಅಂಚು ಮಡಿಸಿ ಬಿಗಿದಿರುತ್ತಾರೆ. ಅದಕ್ಕೆ ತಕ್ಕ ಜಿಗ್ ಇರುವವರಿಂದ ರಿಪೇರಿ ಮಾಡಿಸಬೇಕು, ಇಲ್ಲವೇ ಪೂರ್ತಿ ಬದಲಿಸಬೇಕು.

ಮೂರೂ ಪರೀಕ್ಷೆಯಲ್ಲಿ ಗೆದ್ದೂ ಪೆಡಲ್ ಗಟ್ಟಿಯೇ? ಹಾಗಾದರೆ ಬೂಸ್ಟರಿನ ಮುಂದೆ ಎಲ್ಲೋ ತೊಂದರೆಯಿದೆ: ತುಕ್ಕು ಹಿಡಿದ ಕ್ಯಾಲಿಪರ್ ಅಥವಾ ವೀಲ್ ಸಿಲಿಂಡರ್, ಒಳಗೇ ಊದಿಕೊಂಡ ಬ್ರೇಕ್ ಹೋಸ್, ಆಯಿಲ್ ತಾಗಿದ ಪ್ಯಾಡ್.

ಆಯಿಲ್ ಎಲ್ಲಿ ಹೋಯಿತು?

ಒಂದು ದೋಷ ಪತ್ತೇದಾರಿ ಕಣ್ಣು ಬೇಡುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾಗುತ್ತ ಹೋಗುತ್ತದೆ. ನಾಲ್ಕೂ ಗಾಲಿ ಒಣಗಿವೆ, ಕೊಳವೆಗಳು ಒಣಗಿವೆ, ನೆಲದ ಮೇಲೆ ಹನಿಯಿಲ್ಲ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸವೆದಿದ್ದರೆ ಆಯಿಲ್ ಸೋರುವುದು ಹೊರಗಲ್ಲ, ಬೂಸ್ಟರಿನ ಒಳಗೆ. ಅಲ್ಲಿ ಗಾಳಿಬರವಿರುವುದರಿಂದ ಆಯಿಲ್ ಇನ್ನಷ್ಟು ಸುಲಭವಾಗಿ ಬರುತ್ತದೆ. ಹೆಚ್ಚು ತುಂಬಿದರೆ ಪೈಪಿನ ಮೂಲಕ ಇಂಜಿನ್ನಿಗೂ ಹೋಗಿ ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೊರಬರುತ್ತದೆ. ಮಾಸ್ಟರ್ ಸಿಲಿಂಡರಿನ ನಟ್ಟುಗಳನ್ನು ಸಡಿಲಿಸಿ ತುಸು ಮುಂದಕ್ಕೆ ಎಳೆದು ಹಿಂಬದಿ ನೋಡಿ. ಒದ್ದೆಯಿದ್ದರೆ, ಬಣ್ಣ ಎದ್ದಿದ್ದರೆ ಉತ್ತರ ಸಿಕ್ಕಿತು. ಸೀಲ್ ಸರಿಪಡಿಸದೆ ಹೊಸ ಬೂಸ್ಟರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬಿಡದ ಬ್ರೇಕ್

ಬ್ರೇಕ್ ಹಿಡಿಯದಿರುವುದು ಒಂದು ತೊಂದರೆ, ಹಿಡಿದದ್ದು ಬಿಡದಿರುವುದು ಇನ್ನೊಂದು. ಬೂಸ್ಟರ್ ಬದಲಿಸಿದ ಮೇಲೆ ಗಾಲಿಗಳು ಬಿಸಿಯಾಗಿ ಕಾರು ಎಳೆದಂತಾದರೆ, ಬೂಸ್ಟರಿಗೂ ಮಾಸ್ಟರ್ ಸಿಲಿಂಡರಿಗೂ ನಡುವಿನ ಕಡ್ಡಿ ಉದ್ದವಾಗಿದೆಯೇ ನೋಡಿ. ಕೂದಲೆಳೆಯಷ್ಟು ಉದ್ದವಾದರೂ ಆಯಿಲ್ ತೊಟ್ಟಿಗೆ ಮರಳುವ ಪುಟ್ಟ ರಂಧ್ರ ಮುಚ್ಚಿಹೋಗುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲಿಗೆ ದಾರಿಯಿಲ್ಲದೆ ಬ್ರೇಕ್ ತಾನಾಗಿ ಬಿಗಿಯುತ್ತದೆ. ಮಾಸ್ಟರ್ ಸಿಲಿಂಡರಿನ ನಟ್ಟು ಸ್ವಲ್ಪ ಸಡಿಲಿಸಿದ ಕೂಡಲೇ ಗಾಲಿ ಬಿಟ್ಟರೆ ತಪ್ಪು ಕಡ್ಡಿಯದು. ಒಂದೇ ಗಾಲಿ ಬಿಸಿಯಾಗುತ್ತಿದ್ದರೆ ಆ ಗಾಲಿಯ ಹೋಸ್, ಕ್ಯಾಲಿಪರ್ ನೋಡಿ.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಈಗ ಬೂಸ್ಟರ್ ಹಾಕಿಸುವವರು ಇನ್ನೂ ಒಂದನ್ನು ತಿಳಿದಿರಬೇಕು. ಅವು ಡ್ರಮ್ ಬ್ರೇಕಿನ ಕಾರುಗಳು. ತಿರುಗುವ ಡ್ರಮ್ ಬ್ರೇಕ್ ಶೂವನ್ನು ತನ್ನತ್ತ ಎಳೆದುಕೊಂಡು ಹಿಡಿತವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಡಿಸ್ಕ್ ಬ್ರೇಕಿಗೆ ಆ ಗುಣವಿಲ್ಲ, ಅದಕ್ಕೇ ಡಿಸ್ಕ್ ಜೊತೆಗೆ ಬೂಸ್ಟರ್ ಬೇಕಾಯಿತು. ಬೂಸ್ಟರಿಲ್ಲದ ಕಾರಿನ ಪೆಡಲಿಗೆ ಹೆಚ್ಚಿನ ಸನ್ನೆಬಲ ಇಟ್ಟಿರುತ್ತಾರೆ. ಬೂಸ್ಟರ್, ಮಾಸ್ಟರ್ ಸಿಲಿಂಡರ್, ಪೆಡಲಿನ ಸನ್ನೆ ಮೂರೂ ಒಂದಕ್ಕೊಂದು ಹೊಂದಬೇಕು. ಮಾಸ್ಟರ್ ಸಿಲಿಂಡರಿನ ಒಳವ್ಯಾಸ ದೊಡ್ಡದಾದರೆ ಹೊಸ ಬೂಸ್ಟರ್ ಹಾಕಿದರೂ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಚಿಕ್ಕದಾದರೆ ಪೆಡಲ್ ಆಳಕ್ಕೆ ಇಳಿಯುತ್ತದೆ.

ಕರಾವಳಿಯ ಕಾರು

ಕಾರವಾರ, ಅಂಕೋಲಾದ ಕಾರುಗಳಿಗೆ ಬೇರೆಡೆಯ ಕಾರುಗಳಿಗಿಲ್ಲದ ಶತ್ರುಗಳಿವೆ. ಉಪ್ಪುಗಾಳಿ ಬೂಸ್ಟರಿನ ತಗಡನ್ನು, ಅದರಲ್ಲೂ ಆಯಿಲ್ ಹನಿ ಬಿದ್ದು ಬಣ್ಣ ಎದ್ದ ಜಾಗವನ್ನು ತಿನ್ನುತ್ತದೆ. ಸೂಜಿಮೊನೆಯಷ್ಟು ತೂತಾದರೂ ಗಾಳಿ ಒಳಗೆ ನುಗ್ಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ವೀಲ್ ಸಿಲಿಂಡರುಗಳು ಜಾಮ್ ಆಗುತ್ತವೆ. ಬ್ರೇಕ್ ಆಯಿಲ್ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ಆಯಿಲ್ ನೂರಕ್ಕೆ ನಾಲ್ಕು ಪಾಲಿಗಿಂತ ತುಸು ಕಡಿಮೆ ನೀರು ಹೀರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಬಿಸಿಯಾದ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಆಗ ಎಂಥ ಬೂಸ್ಟರೂ ಸಹಾಯಕ್ಕೆ ಬಾರದು, ಏಕೆಂದರೆ ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬಲವನ್ನು ಮುಂದಕ್ಕೆ ದಾಟಿಸುವುದಿಲ್ಲ. ಈ ಭಾಗದಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಬ್ರೇಕ್ ಆಯಿಲ್ ಬದಲಿಸುವುದು ಒಳ್ಳೆಯದು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕಾರನ್ನು ಹೊರತೆಗೆದು ಬ್ರೇಕ್ ಒತ್ತಿ ಓಡಿಸುವುದು ಒಳ್ಳೆಯದು.

ರಿಪೇರಿ ಮುಗಿದ ಮೇಲೆ ಮೂರು ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ. ಅನಂತರ ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿ ನೋಡಿ, ಆಮೇಲೆ ಸಪಾಟು ರಸ್ತೆಯಲ್ಲಿ, ಎಲ್ಲ ಸರಿಯೆನಿಸಿದ ಮೇಲೆ ಮಾತ್ರ ಘಾಟಿಗೆ ಒಯ್ಯಿರಿ. ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರು ಹೊಳಪಿಗೆ, ಸೀಟಿಗೆ ಖರ್ಚು ಮಾಡುವ ಮೊದಲು ಒಂದು ಪೈಪು, ಒಂದು ವಾಲ್ವು, ಒಂದು ಡಬ್ಬಿ ಆಯಿಲಿಗೆ ಖರ್ಚು ಮಾಡಬೇಕು. ಕಾರಿನಲ್ಲಿ ಕೂತವರ ಜೀವದಷ್ಟೇ ರಸ್ತೆ ದಾಟುವವರ ಜೀವವೂ ಆ ಮೂರನ್ನು ನಂಬಿಕೊಂಡಿರುತ್ತದೆ.